ಗೆರೆ ಎಳೆದು ಕಟ್ಟಿದ ಊರು: ಡಾಡ್ಜ್ ಸಿಟಿಯ ಬಗ್ಗೆ ನಿಮ್ಮ ಪ್ರಶ್ನೆಗಳು

ಅಮೆರಿಕದ ಕ್ಯಾನ್ಸಸ್ ರಾಜ್ಯದ ನೈಋತ್ಯ ಭಾಗದಲ್ಲಿ, ಅರ್ಕಾನ್ಸಾ ನದಿಯ ದಂಡೆಯ ಮೇಲೆ 1872ರಲ್ಲಿ ಹುಟ್ಟಿದ ಊರು ಡಾಡ್ಜ್ ಸಿಟಿ. ಕೌಬಾಯ್ ಸಿನಿಮಾ ನೋಡಿದವರಿಗೆಲ್ಲ ಹೆಸರು ಗೊತ್ತು. ಈ ಊರಿನ ಮೊದಲ ಹದಿನೈದು ವರ್ಷಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದಿದ್ದೆವು. ಬೆಂಗಳೂರಿನಿಂದ ಬಂದ ಪತ್ರಗಳಲ್ಲಿ ಪಿಸ್ತೂಲಿಗಿಂತ ಜಮೀನು, ದನ, ಮನೆಯ ಪ್ರಶ್ನೆಗಳೇ ಹೆಚ್ಚು. ಅದು ಸರಿಯಾದ ದಾರಿ. ಆ ಊರನ್ನು ಕಟ್ಟಿದ್ದು ಕೆಲವು ಗೆರೆಗಳು: ದಂಡಿನ ಎಲ್ಲೆ, ಮೋಜಣಿ ಗೆರೆ, ರೈಲು ಹಳಿ, ದನಗಳ ತಡೆಗೆರೆ. ಅದರ ಮೊದಲ ದೆಸೆಯನ್ನು ಮುಗಿಸಿದ್ದೂ ಗೆರೆಯೇ.

ಸುತ್ತ ಬರೀ ಬಯಲು. ಮರವಿಲ್ಲ, ಗಣಿಯಿಲ್ಲ, ಬಂದರಿಲ್ಲ. ಊರು ಸರಿಯಾಗಿ ಅಲ್ಲೇ ಏಕೆ ಎದ್ದಿತು? (ಬಸವನಗುಡಿಯ ಓದುಗರು)

ಉತ್ತರ ಸಿಗುವುದು ಅಲ್ಲಿಂದ ಐದು ಮೈಲಿ ಪೂರ್ವಕ್ಕೆ. ಮಿಸೌರಿಯಿಂದ ಸಾಂಟಾ ಫೇ ಊರಿಗೆ ಸರಕು ಸಾಗಿಸುವ ಸಾಂಟಾ ಫೇ ಬಂಡಿದಾರಿ 1821ರಿಂದ ಬಳಕೆಯಲ್ಲಿತ್ತು. ಅದರ ಕಾವಲಿಗೆ ಸೈನ್ಯ 1865ರಲ್ಲಿ ಫೋರ್ಟ್ ಡಾಡ್ಜ್ ಸ್ಥಾಪಿಸಿತು. ಫೋರ್ಟ್ ಎಂದರೆ ಚಿತ್ರದುರ್ಗದಂಥ ಕೋಟೆ ಅಂದುಕೊಳ್ಳಬೇಡಿ. ಬೆಂಗಳೂರಿನವರು ದಂಡು ಎನ್ನುತ್ತೇವಲ್ಲ, ಆ ಬಗೆಯ ಸಿಪಾಯಿಗಳ ಬಿಡಾರ. ದಂಡಿನ ಎಲ್ಲೆಯೊಳಗೆ ಮದ್ಯ ಮಾರುವಂತಿರಲಿಲ್ಲ. 1872ರ ಜೂನ್‌ನಲ್ಲಿ ಜಾರ್ಜ್ ಹೂವರ್ ಎಂಬಾತ ಪಾಲುದಾರನೊಬ್ಬನ ಜೊತೆ ವಿಸ್ಕಿ ಪೀಪಾಯಿಗಳನ್ನು ಬಂಡಿಯಲ್ಲಿ ಹೇರಿಕೊಂಡು ಬಂದು, ಎಲ್ಲೆ ದಾಟಿದ ಕೂಡಲೇ ಡೇರೆ ಹಾಕಿದ. ಹುಲ್ಲುಹೆಂಟೆ (ಹುಲ್ಲಿನ ಬೇರುಸಮೇತ ಕೊಯ್ದ ಮಣ್ಣಿನ ತುಂಡು) ಪೇರಿಸಿದ ಎರಡು ದಿಂಡು, ಅವುಗಳ ಮೇಲೊಂದು ಹಲಗೆ. ಅಂಗಡಿ ಅಷ್ಟೇ. ಇದೇ ಹೂವರ್ ಮುಂದೆ ಊರಿನ ಮೇಯರ್ ಆದ, ಬ್ಯಾಂಕನ್ನೂ ತೆರೆದ.

ಐದು ಮೈಲಿ ಅಳೆಯಲು ಬಂಡಿಯ ಚಕ್ರಕ್ಕೆ ಬಟ್ಟೆ ಕಟ್ಟಿ ಸುತ್ತು ಎಣಿಸಿದರು ಎಂದು ಆ ಊರಿನವರು ಹೇಳುತ್ತಾರೆ. ಲೆಕ್ಕವೇನೂ ಕಷ್ಟದ್ದಲ್ಲ. 4 ಅಡಿ ವ್ಯಾಸದ ಚಕ್ರ ಒಂದು ಸುತ್ತಿಗೆ ಸುಮಾರು 12.5 ಅಡಿ ಹೋಗುತ್ತದೆ. ಐದು ಮೈಲಿ ಎಂದರೆ 26,400 ಅಡಿ, ಅಂದರೆ ಹತ್ತಿರ ಹತ್ತಿರ 2,100 ಸುತ್ತು. ನೂರು ಸುತ್ತು ಎಣಿಕೆ ತಪ್ಪಿದರೆ ಕಾಲು ಮೈಲಿಗೆ ಸ್ವಲ್ಪ ಕಡಿಮೆ ವ್ಯತ್ಯಾಸ. ಚಕ್ರ ಉಬ್ಬುತಗ್ಗುಗಳನ್ನೆಲ್ಲ ಹತ್ತಿಳಿದು ಹೋಗುವುದರಿಂದ, ನೇರ ದೂರ ಯಾವಾಗಲೂ ಎಣಿಕೆಗಿಂತ ಕಡಿಮೆಯೇ ಇರುತ್ತದೆ.

ಡೇರೆ ಒಂದೇ ಇದ್ದಿದ್ದರೆ ಊರಾಗುತ್ತಿರಲಿಲ್ಲ. ಹಿಂದೆಯೇ ರೈಲು ಬರುತ್ತಿತ್ತು. ಸಾಂಟಾ ಫೇ ರೈಲು ಕಂಪನಿಗೆ ಹಳಿಯ ಎರಡೂ ಬದಿ ಜಮೀನು ಕೊಡುವುದಾಗಿ 1863ರಲ್ಲಿ ಕಾಯಿದೆಯಾಗಿತ್ತು. ಷರತ್ತು ಏನೆಂದರೆ, ಹತ್ತು ವರ್ಷದೊಳಗೆ ಕೊಲೊರಾಡೊ ಗಡಿ ಮುಟ್ಟಬೇಕು. 1872ರಲ್ಲಿ ಉಳಿದಿದ್ದು ತಿಂಗಳುಗಳ ಲೆಕ್ಕ. ಅವಸರದಲ್ಲಿ ಹಳಿ ಹಾಸುತ್ತ ಸೆಪ್ಟೆಂಬರಿನಲ್ಲಿ ಇಲ್ಲಿಗೆ ತಲುಪಿದರು, ಡಿಸೆಂಬರ್ ಕೊನೆಗೆ ಗಡಿ ಮುಟ್ಟಿದರು. ದಂಡಿನ ಕೆಲವು ಅಧಿಕಾರಿಗಳೂ ವರ್ತಕರೂ ಕೂಡಿ ಟೌನ್ ಕಂಪನಿ ಮಾಡಿ ನಿವೇಶನ ಹಾಕಿದರು. ಮೊದಲು ಇಟ್ಟ ಹೆಸರು ಬಫಲೊ ಸಿಟಿ. ಆ ಹೆಸರಿನ ಅಂಚೆ ಕಚೇರಿ ಆಗಲೇ ಬೇರೆ ಕಡೆ ಇದ್ದುದರಿಂದ ಡಾಡ್ಜ್ ಸಿಟಿ ಆಯಿತು.

ಅಲ್ಲಿ ಒಬ್ಬೊಬ್ಬರಿಗೆ 160 ಎಕರೆ ಅಂತೆ. ಗುರುತಿಗೆ ಒಂದು ಮರವೂ ಇಲ್ಲದ ಬಯಲಲ್ಲಿ ಹದ್ದುಬಸ್ತು ಹೇಗೆ ಮಾಡಿದರು? ನಮ್ಮ ಎಕರೆ-ಗುಂಟೆಗೂ ಅದಕ್ಕೂ ಸಂಬಂಧ ಇದೆಯೇ? (ರಾಜಾಜಿನಗರದ ಓದುಗರು)

ಸಂಬಂಧ ಇದೆ, ಅದೂ ಇಂಚಿನ ಮಟ್ಟದಲ್ಲಿ. ಎರಡೂ ಕಡೆಯ ಮೂಲ ಇಂಗ್ಲೆಂಡಿನ ಗಂಟರ್ ಸರಪಳಿ: ಉದ್ದ 66 ಅಡಿ, ಕೊಂಡಿ 100, ಒಂದು ಕೊಂಡಿಗೆ 7.92 ಇಂಚು. 80 ಸರಪಳಿಗೆ ಒಂದು ಮೈಲಿ, 10 ಚದರ ಸರಪಳಿಗೆ ಒಂದು ಎಕರೆ. ನಮ್ಮ ಮೋಜಣಿದಾರರ ಸರಪಳಿ ಅದರ ಅರ್ಧ, 33 ಅಡಿ. 33 ಅಡಿಗೆ 33 ಅಡಿ ಸೇರಿದರೆ 1,089 ಚದರ ಅಡಿ, ಅದೇ ಒಂದು ಗುಂಟೆ. ಅಮೆರಿಕದ ಸರ್ಕಾರಿ ಮೋಜಣಿಯಲ್ಲೂ 50 ಕೊಂಡಿಯ 33 ಅಡಿ ಸರಪಳಿ ಬಳಕೆಯಲ್ಲಿತ್ತು. 160 ಎಕರೆಯ ಚೌಕದ ಒಂದೊಂದು ಬದಿ ಅರ್ಧ ಮೈಲಿ, ಅಂದರೆ ನಮ್ಮ ಸರಪಳಿಯಲ್ಲಿ 80. ಎಂಬತ್ತೆಂಬತ್ಲೆ 6,400 ಗುಂಟೆ. ನಲವತ್ತರಿಂದ ಭಾಗಿಸಿ ನೋಡಿ, ಸರಿಯಾಗಿ 160 ಬರುತ್ತದೆ.

ಕ್ರಮ ಹೀಗಿತ್ತು. 1785ರ ಕಾಯಿದೆಯಂತೆ ನೆಲವನ್ನು 6 ಮೈಲಿಗೆ 6 ಮೈಲಿಯ ಚೌಕಗಳಾಗಿ ಹಂಚುತ್ತಾರೆ. ಇಂಥ ಒಂದು ಚೌಕಕ್ಕೆ ಟೌನ್‌ಶಿಪ್ ಎಂದು ಹೆಸರು. ಹೆಸರಿನಲ್ಲಿ ಟೌನ್ ಇದ್ದರೂ ಒಳಗೆ ಊರು ಇರಬೇಕೆಂದೇನೂ ಇಲ್ಲ. ಅದರೊಳಗೆ ಒಂದೊಂದು ಚದರ ಮೈಲಿಯ, ಅಂದರೆ 640 ಎಕರೆಯ, 36 ಸೆಕ್ಷನ್. ನಂಬರ್ ಈಶಾನ್ಯ ಮೂಲೆಯಲ್ಲಿ 1ರಿಂದ ಶುರುವಾಗಿ ಪಶ್ಚಿಮಕ್ಕೆ 6ರವರೆಗೆ ಹೋಗುತ್ತದೆ. 6ರ ಕೆಳಗೆ 7 ಇಳಿದು ಪೂರ್ವಕ್ಕೆ ತಿರುಗುತ್ತದೆ. ಎತ್ತು ಉಳುವಾಗ ಸಾಲು ಮುಗಿಸಿ ತಿರುಗಿದ ಹಾಗೆ ಹೋಗುತ್ತ ಆಗ್ನೇಯ ಮೂಲೆಯಲ್ಲಿ 36ಕ್ಕೆ ನಿಲ್ಲುತ್ತದೆ. 16ನೆಯದು ಶಾಲೆಗೆ ಮೀಸಲು. ಕ್ಯಾನ್ಸಸ್ ಮೋಜಣಿಯ ಹೊತ್ತಿಗೆ 36 ಕೂಡ ಶಾಲೆಯದೇ.

ಮೂಲೆಯಲ್ಲಿ ನೆಡಲು ಬಾಂದುಕಲ್ಲು ಸಿಗದ ಕಡೆ ಗುಂಡಿ ತೋಡಿ, ಆ ಮಣ್ಣನ್ನೇ ಗುಪ್ಪೆ ಮಾಡಿ ಗೂಟ ನೆಡುತ್ತಿದ್ದರು. ಗುಪ್ಪೆಯ ಬುಡದಲ್ಲಿ ಸುಟ್ಟ ಗೂಟವನ್ನೋ ಒಂದಿಷ್ಟು ಇದ್ದಿಲನ್ನೋ ಹೂಳುವುದು ನಿಯಮ. ಮೇಲಿನ ಗೂಟಕ್ಕೆ ದನ ಮೈ ಉಜ್ಜಿ ಬೀಳಿಸುತ್ತದೆ, ಹುಲ್ಲಿಗೆ ಹತ್ತಿದ ಬೆಂಕಿ ಸುಡುತ್ತದೆ, ಸೌದೆಯಿಲ್ಲದ ಸೀಮೆಯಲ್ಲಿ ಒಲೆಗೂ ಹೋಗುತ್ತದೆ. ಇದ್ದಿಲು ಕೊಳೆಯುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. ಎಷ್ಟೋ ವರ್ಷದ ಮೇಲೆ ತಕರಾರು ಬಂದಾಗ ಅಗೆದು ನೋಡಿದರೆ ಕಪ್ಪು ಸಿಗುತ್ತದೆ. ಇಷ್ಟು ಅಗ್ಗದ, ಇಷ್ಟು ಗಟ್ಟಿಯಾದ ಸಾಕ್ಷಿ ಇನ್ನೊಂದಿಲ್ಲ.

ತಪ್ಪು ನುಸುಳುತ್ತಿದ್ದ ಜಾಗಗಳು ಮೂರು. ಮೊದಲನೆಯದು ಸರಪಳಿಯ ಸವೆತ. ಕೊಂಡಿ, ಬಳೆ ಉಜ್ಜಿ ಉಜ್ಜಿ ಇಡೀ ಸರಪಳಿ ಒಂದಿಂಚು ಉದ್ದವಾದರೆ, ಮೈಲಿಗೆ 80 ಇಂಚು, ಅಂದರೆ 6 ಅಡಿ 8 ಇಂಚು ತಪ್ಪುತ್ತದೆ. ಆದ್ದರಿಂದ ಮೂಲ ಅಳತೆಯೊಂದಿಗೆ ಪದೇ ಪದೇ ಹೋಲಿಸಬೇಕಿತ್ತು. ಎರಡನೆಯದು ದಿಕ್ಸೂಚಿ. ಅದರ ಮುಳ್ಳು ನಿಜವಾದ ಉತ್ತರವನ್ನಲ್ಲ, ಅಯಸ್ಕಾಂತದ ಉತ್ತರವನ್ನು ತೋರಿಸುತ್ತದೆ. ಸೂರ್ಯನನ್ನೋ ಧ್ರುವ ನಕ್ಷತ್ರವನ್ನೋ ನೋಡಿ ತಿದ್ದದಿದ್ದರೆ ಗೆರೆ ಓರೆಯಾಗುತ್ತದೆ. ಮೂರನೆಯದಕ್ಕೆ ಮದ್ದಿಲ್ಲ, ಏಕೆಂದರೆ ಭೂಮಿ ಗುಂಡಗಿದೆ. ಉತ್ತರಕ್ಕೆ ಹೋದಂತೆ ರೇಖಾಂಶಗಳು ಹತ್ತಿರ ಸರಿಯುತ್ತವೆ. ಡಾಡ್ಜ್ ಸಿಟಿಯ ಅಕ್ಷಾಂಶದಲ್ಲಿ 6 ಮೈಲಿ ಚೌಕದ ಉತ್ತರದ ಬದಿ ದಕ್ಷಿಣದ ಬದಿಗಿಂತ ಸುಮಾರು 37 ಅಡಿ ಗಿಡ್ಡ. ಅದೇ ಚೌಕವನ್ನು ಬೆಂಗಳೂರಿನ ಅಕ್ಷಾಂಶದಲ್ಲಿ ಹಾಕಿದ್ದರೆ ಸುಮಾರು 11 ಅಡಿ. ಹೀಗೆ ಕೂಡಿಕೊಂಡ ಹೆಚ್ಚು-ಕಡಿಮೆಯನ್ನೆಲ್ಲ ಉತ್ತರದ ಮತ್ತು ಪಶ್ಚಿಮದ ಅಂಚಿನ ಸೆಕ್ಷನ್‌ಗಳಿಗೆ ತಳ್ಳುತ್ತಿದ್ದರು. ಆ ಅಂಚಿನ 160 ಎಕರೆ 160 ಇರಬೇಕೆಂದಿಲ್ಲ. ಕೊಳ್ಳುವವರು ಮೊದಲು ನೋಡುತ್ತಿದ್ದದ್ದೇ ಸೆಕ್ಷನ್ ನಂಬರನ್ನು.

ಆ ಜಮೀನು ಪುಕ್ಕಟೆ ಸಿಗುತ್ತಿತ್ತೇ? ನಮ್ಮ ಬಗರ್‌ಹುಕುಂ ಹಾಗೆಯೇ? (ಯಲಹಂಕದ ಓದುಗರು)

ಬಗರ್‌ಹುಕುಂ ಎಂದರೆ ಹುಕುಂ ಇಲ್ಲದೆ ಉತ್ತು, ಆಮೇಲೆ ಸಕ್ರಮ ಕೇಳುವುದು. 1862ರ ಹೋಮ್‌ಸ್ಟೆಡ್ ಕಾಯಿದೆಯದು ಇದಕ್ಕೆ ತಿರುಗುಮುರುಗು: ಮೊದಲು ಅರ್ಜಿ, ಆಮೇಲೆ ಉಳುಮೆ. 21 ತುಂಬಿದವರು ಅಥವಾ ಮನೆಯ ಯಜಮಾನಿಕೆ ಇರುವವರು ಅರ್ಜಿ ಹಾಕಬಹುದಿತ್ತು; ಒಂಟಿ ಹೆಂಗಸರಿಗೂ ಅವಕಾಶವಿತ್ತು. ಪೌರತ್ವ ಇಲ್ಲದಿದ್ದರೆ ಪಡೆಯುತ್ತೇನೆಂಬ ಘೋಷಣೆ ಸಾಕು. ಶುಲ್ಕ 10 ಡಾಲರ್, ಕಮಿಷನ್ 2 ಡಾಲರ್. ಐದು ವರ್ಷ ಅಲ್ಲೇ ವಾಸವಿದ್ದು, ಉತ್ತು, ಇಬ್ಬರು ಸಾಕ್ಷಿಗಳನ್ನು ಕರೆತಂದು, ಇನ್ನು 6 ಡಾಲರ್ ಕಟ್ಟಿದರೆ ಪೇಟೆಂಟ್ ಎಂಬ ಹಕ್ಕುಪತ್ರ ಕೈಗೆ ಬರುತ್ತಿತ್ತು. ನಮ್ಮ ಸಾಗುವಳಿ ಚೀಟಿಗೆ ಹತ್ತಿರದ್ದು. ಐದು ವರ್ಷ ಕಾಯಲಾರದವರು ಆರು ತಿಂಗಳ ಮೇಲೆ ಎಕರೆಗೆ 1.25 ಡಾಲರ್ ಕೊಟ್ಟು ಬಿಡಿಸಿಕೊಳ್ಳಬಹುದಿತ್ತು.

ಡಾಡ್ಜ್ ಸಿಟಿ ಸುತ್ತ ಇದರಲ್ಲೊಂದು ತೊಡಕಿತ್ತು. ಹಳಿಯ ಎರಡೂ ಬದಿ ಬೆಸಸಂಖ್ಯೆಯ ಸೆಕ್ಷನ್‌ಗಳು ರೈಲು ಕಂಪನಿಯ ಪಾಲು. ಆ ಪಟ್ಟಿಯೊಳಗೆ ಉಳಿದ ಸಮಸಂಖ್ಯೆಯ ಸೆಕ್ಷನ್‌ಗಳಲ್ಲಿ ಹೋಮ್‌ಸ್ಟೆಡ್ ಹಾಕುವ ಸಾಮಾನ್ಯ ಅರ್ಜಿದಾರನಿಗೆ 1879ರವರೆಗೆ ಸಿಗುತ್ತಿದ್ದದ್ದು 80 ಎಕರೆ ಮಾತ್ರ.

ಇದಕ್ಕಿಂತ ದೊಡ್ಡ ಪೆಟ್ಟು ಮಳೆಯದು. 100ನೇ ಪಶ್ಚಿಮ ರೇಖಾಂಶ ಈ ಊರಿನ ಪಕ್ಕದಲ್ಲೇ ಹಾಯುತ್ತದೆ. ಅಲ್ಲಿ ವರ್ಷಕ್ಕೆ ಸುಮಾರು 20 ಇಂಚು ಮಳೆ, ಹೆಚ್ಚುಕಡಿಮೆ ನಮ್ಮ ಚಳ್ಳಕೆರೆ, ಪಾವಗಡದ ಸೀಮೆಯಷ್ಟು. ಪಶ್ಚಿಮಕ್ಕೆ ಸರಿದಷ್ಟೂ ಇನ್ನೂ ಕಡಿಮೆ. ಮಳೆ ಸಮೃದ್ಧವಾಗಿದ್ದ ಪೂರ್ವ ರಾಜ್ಯಗಳಲ್ಲಿ 160 ಎಕರೆ ದೊಡ್ಡ ಹಿಡುವಳಿ. ಇಲ್ಲಿ ನೀರಾವರಿ ಇಲ್ಲದೆ ಅಷ್ಟರಲ್ಲಿ ಸಂಸಾರ ಸಾಗಿಸುವುದು ಕಷ್ಟವೆಂದು ಭೂವಿಜ್ಞಾನಿ ಜಾನ್ ವೆಸ್ಲಿ ಪೊವೆಲ್ 1878ರ ವರದಿಯಲ್ಲೇ ಸರ್ಕಾರಕ್ಕೆ ತಿಳಿಸಿದ್ದರು. ಕಾಯಿದೆ ಮಾಡಿದವರು ಅದಕ್ಕೆ ಕಿವಿಗೊಡದ್ದರಿಂದ ಸಾವಿರಾರು ಸಂಸಾರಗಳು ಬರಗಾಲಕ್ಕೆ ಸಿಕ್ಕಿ ಜಮೀನು ಬಿಟ್ಟು ಹೊರಟವು.

ಮರವಿಲ್ಲ, ಕಲ್ಲು ದೂರ. ಮನೆ ಯಾವುದರಲ್ಲಿ ಕಟ್ಟಿದರು? (ಮಲ್ಲೇಶ್ವರದ ಓದುಗರು)

ನೆಲವನ್ನೇ ಕೊಯ್ದು ಕಟ್ಟಿದರು. ಊರು ಹುಟ್ಟುವ ಮುಂಚೆಯೇ, 1871ರಲ್ಲಿ, ಹೆನ್ರಿ ಸಿಟ್ಲರ್ ಎಂಬ ದನಗಾರ ಅಲ್ಲಿ ಕಟ್ಟಿಕೊಂಡಿದ್ದು ಇಂಥದೇ ಹುಲ್ಲುಹೆಂಟೆ ಮನೆ. ಬಯಲಿನ ಹುಲ್ಲಿನ ಬೇರು ಮಣ್ಣನ್ನು ಚಾಪೆಯಂತೆ ಹೆಣೆದು ಹಿಡಿದಿರುತ್ತದೆ. ಇದಕ್ಕೆಂದೇ ಮಾಡಿದ ನೇಗಿಲಿನಿಂದ 12 ಇಂಚು ಅಗಲ, 4 ಇಂಚು ದಪ್ಪದ ಪಟ್ಟಿ ಸೀಳಿ, ಗುದ್ದಲಿಯಲ್ಲಿ 3 ಅಡಿಗೊಂದು ತುಂಡು ಮಾಡುತ್ತಾರೆ. ಒಂದು ಹೆಂಟೆ ಸರಿಯಾಗಿ ಒಂದು ಘನ ಅಡಿ, ತೂಕ ಸುಮಾರು 50 ಪೌಂಡ್. ಒಳಗೆ 20ಕ್ಕೆ 16 ಅಡಿ, ಗೋಡೆ 7 ಅಡಿ ಎತ್ತರ, 2 ಅಡಿ ದಪ್ಪ ಎಂದು ಹಿಡಿದರೆ, ಬಾಗಿಲು-ಕಿಟಕಿ ಕಳೆದು ಸಾವಿರ ಹೆಂಟೆ ಬೇಕು. ಅಷ್ಟಕ್ಕೆ ಕೊಯ್ಯಬೇಕಾದ ನೆಲ 3,000 ಚದರ ಅಡಿ, ಮೂರು ಗುಂಟೆಗೂ ಸ್ವಲ್ಪ ಕಡಿಮೆ.

ಹುಲ್ಲಿನ ಮೈ ಕೆಳಗೆ, ಬೇರಿನ ಮೈ ಮೇಲೆ ಬರುವಂತೆ ಇಡಬೇಕು. ಇಟ್ಟಿಗೆ ಕೆಲಸದಂತೆಯೇ ಕೀಲು ತಪ್ಪಿಸಿ, ಮೂರ್ನಾಲ್ಕು ವರಸೆಗೊಮ್ಮೆ ಅಡ್ಡಡ್ಡ ಹೆಂಟೆ ಹಾಕಿ ಗೋಡೆ ಬಿಗಿಯುತ್ತಾರೆ. ಒಣನೆಲದಲ್ಲಿ ಕೊಯ್ದರೆ ಹೆಂಟೆ ಪುಡಿಯಾಗುತ್ತದೆ. ಕೊಯ್ದದ್ದನ್ನು ಅದೇ ದಿನ ಇಟ್ಟು ಮುಗಿಸದಿದ್ದರೂ ಒಣಗಿ ಬಿರಿಯುತ್ತದೆ. ಗೋಡೆ ಒಣಗುತ್ತ ಹಲವು ಇಂಚು ಕುಸಿಯುವುದು ಗ್ಯಾರಂಟಿ. ಕಿಟಕಿ ಚೌಕಟ್ಟಿನ ಮೇಲೆ ಸಂದು ಬಿಟ್ಟು ಚಿಂದಿ ತುರುಕದಿದ್ದರೆ ಗಾಜು ಒಡೆಯುತ್ತದೆ. ಬೇಸಗೆಗೂ ಚಳಿಗೂ ಒಳ್ಳೆಯ ಮನೆ. ಸೋಲುವುದು ಸೂರಿನಲ್ಲಿ. ಹೊರಗೆ ಮಳೆ ನಿಂತರೂ ಒಳಗೆ ಕೆಸರು ತೊಟ್ಟಿಕ್ಕುತ್ತಿರುತ್ತದೆ. ಅದಕ್ಕೇ ಸೂರಿನ ಕೆಳಗೆ ತೆಳುಬಟ್ಟೆ ಕಟ್ಟುತ್ತಿದ್ದರು. ಮಣ್ಣಿನ ಜೊತೆಗೆ ಆಗಾಗ ಹಾವೂ ಅದರಲ್ಲಿ ನಿಲ್ಲುತ್ತಿತ್ತು.

ಊರಿಗೆ ಮುಂಚೆ ಅಲ್ಲಿ ಯಾರಿದ್ದರು? (ವಿಜಯನಗರದ ಓದುಗರು)

ಖಾಲಿ ಜಾಗ ಎಂದು ಬರೆಯುವುದು ತಪ್ಪು. ಕಿಯೊವ, ಕೊಮಾಂಚಿ, ದಕ್ಷಿಣ ಶಯೆನ್, ಅರಾಪಹೊ ಎಂಬ ಮೂಲನಿವಾಸಿ ಜನಗಳು ಬೈಸನ್ (ಬಯಲಿನ ಕಾಡುದನ, ಅಮೆರಿಕದವರು ಬಫಲೊ ಎನ್ನುವುದು ಇದನ್ನೇ) ಬೇಟೆಯಾಡುತ್ತಿದ್ದ ನೆಲ ಅದು. 1867ರ ಮೆಡಿಸಿನ್ ಲಾಜ್ ಒಪ್ಪಂದದಿಂದ ಅವರನ್ನು ದಕ್ಷಿಣದ ಮೀಸಲು ಪ್ರದೇಶಕ್ಕೆ ಹೋಗಬೇಕೆಂದು ಮಾಡಿದರು. ಅದಾದ ಮೇಲೂ ಅವರ ಬದುಕು ಬೈಸನ್ ಮೇಲೆಯೇ ನಿಂತಿತ್ತು. 1871ರ ಸುಮಾರಿಗೆ ಬೈಸನ್ ಚರ್ಮವನ್ನು ಕಾರ್ಖಾನೆಯ ಬೆಲ್ಟಿಗೆ ಆಗುವಂತೆ ಹದ ಮಾಡುವ ವಿಧಾನ ಬಂದದ್ದೇ ತಡ, ರೈಲು ಇದ್ದ ಡಾಡ್ಜ್ ಸಿಟಿ ಚರ್ಮದ ಮಂಡಿಯಾಯಿತು. ಚರ್ಮ ಸುಲಿದು, ಮಾಂಸದ ಮೈ ಮೇಲೆ ಮಾಡಿ ನೆಲಕ್ಕೆ ಗೂಟ ಹೊಡೆದು ಒಣಗಿಸಿ, ಹುಳು ಹಿಡಿಯದಂತೆ ವಿಷ ಸವರಿ, ಕಟ್ಟು ಕಟ್ಟಿ ವ್ಯಾಗನ್ನಿಗೆ ಏರಿಸುತ್ತಿದ್ದರು. ಮಾಂಸದ ಬಹುಪಾಲು ಬಯಲಲ್ಲೇ ಕೊಳೆಯಿತು. 1872ರಿಂದ ಎರಡು-ಮೂರು ವರ್ಷದಲ್ಲಿ ಲಕ್ಷಗಟ್ಟಲೆ ಚರ್ಮ ಹೊರಟು, ಆ ಸೀಮೆಯ ಹಿಂಡುಗಳೇ ಮುಗಿದವು. ಬೇಟೆಗಾರರು ಒಪ್ಪಂದದ ಗಡಿ ದಾಟಿ ದಕ್ಷಿಣಕ್ಕೂ ಹೋದರು. ಈ ಜನಗಳಿಗೂ ಅಮೆರಿಕದ ಸೈನ್ಯಕ್ಕೂ ನಡೆದ 1874–75ರ ರೆಡ್ ರಿವರ್ ಯುದ್ಧಕ್ಕೆ ಇದು ಮುಖ್ಯ ಕಾರಣ. ಊರಿನ ಮೊದಲ ಹಣ ಬಂದದ್ದು ಆ ಜನರ ಅನ್ನ ಕಿತ್ತು.

ಟೆಕ್ಸಸ್ ದನಗಳಿಗೆ ಕ್ಯಾನ್ಸಸ್‌ನಲ್ಲಿ ತಡೆ ಇತ್ತಂತೆ. ಏನು ರೋಗ? ನಮ್ಮ ಕಡೆ ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಸಿಯನ್) ಹಸುಗಳಿಗೆ ಬರುವ ಉಣುಗಿನ ಜ್ವರ ಅದೇನಾ? (ಹೆಸರಘಟ್ಟದ ಓದುಗರು)

ಅದೇ. ಟೆಕ್ಸಸ್ ಜ್ವರ ಎಂದು ಅವರು ಕರೆದದ್ದು ಬೇಬಿಸಿಯೋಸಿಸ್. ವಿಪರೀತ ಜ್ವರ, ಕಾಫಿ ಬಣ್ಣದ ಅಥವಾ ಕೆಂಪು ಮೂತ್ರ, ರಕ್ತಹೀನತೆ, ಆಮೇಲೆ ಸಾವು. ಟೆಕ್ಸಸ್‌ನ ಉದ್ದಕೊಂಬಿನ ದನಗಳು ಕರುವಿದ್ದಾಗಲೇ ಸೋಂಕು ತಗುಲಿ ಅದನ್ನು ಜೀರ್ಣಿಸಿಕೊಂಡಿರುತ್ತಿದ್ದವು. ಅವುಗಳಿಗೆ ಏನೂ ಆಗದು, ಮೈಮೇಲಿನ ಉಣುಗು ಮಾತ್ರ ರೋಗ ಹೊತ್ತು ಸಾಗುತ್ತದೆ. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣುಗು ದಾರಿಯಲ್ಲಿ ಉದುರಿ ಸಾವಿರಾರು ಮೊಟ್ಟೆ ಇಡುತ್ತದೆ, ವಾರಗಳ ಮೇಲೆ ಮರಿ ಹೊರಬಂದು ಹುಲ್ಲಿನ ತುದಿಗೆ ಹತ್ತಿ ಕಾಯುತ್ತದೆ. ಆದ್ದರಿಂದ ಟೆಕ್ಸಸ್ ಮಂದೆ ಹಾದುಹೋಗಿ ತಿಂಗಳು ಕಳೆದ ಮೇಲೆ ಊರಿನ ದನ ಸಾಯುತ್ತಿತ್ತು. ಕಾರಣ ಯಾರಿಗೂ ಹೊಳೆಯಲಿಲ್ಲ: ಉಸಿರಿನಿಂದ ಎಂದರು, ಎಂಜಲಿನಿಂದ ಎಂದರು. ಅಮೆರಿಕ ಸರ್ಕಾರದ ಸಂಶೋಧಕರಾದ ಥಿಯೊಬಾಲ್ಡ್ ಸ್ಮಿತ್ ಮತ್ತು ಎಫ್. ಎಲ್. ಕಿಲ್ಬೋರ್ನ್ ಒಂದು ಹೊಲದಲ್ಲಿ ಉಣುಗನ್ನು ಕೈಯಲ್ಲೇ ಹೆಕ್ಕಿ ತೆಗೆದ ದಕ್ಷಿಣದ ದನಗಳನ್ನು ಬಿಟ್ಟು ನೋಡಿದರು; ರೋಗ ಬರಲಿಲ್ಲ. ಇನ್ನೊಂದರಲ್ಲಿ ದನವಿಲ್ಲದೆ ಉಣುಗನ್ನಷ್ಟೇ ಹರಡಿದರು, ರೋಗ ಬಂತು. 1893ರಲ್ಲಿ ಅವರ ವರದಿ ಪ್ರಕಟವಾಯಿತು. ಕೀಟಗಳಂಥ ಜೀವಿ ಪ್ರಾಣಿಯಿಂದ ಪ್ರಾಣಿಗೆ ರೋಗ ಸಾಗಿಸಬಲ್ಲದು ಎಂಬುದಕ್ಕೆ ಸಿಕ್ಕ ಮೊದಲ ಗಟ್ಟಿ ಪುರಾವೆಗಳಲ್ಲಿ ಅದೊಂದು.

ಅಲ್ಲಿಯವರೆಗೆ ರೈತರಿಗಿದ್ದ ಉಪಾಯ ಒಂದೇ, ನಕ್ಷೆಯ ಮೇಲಿನ ತಡೆಗೆರೆ. ಗೆರೆಯ ಪೂರ್ವಕ್ಕೆ ಟೆಕ್ಸಸ್ ದನ ಬರಕೂಡದು. ಒಕ್ಕಲು ಪಶ್ಚಿಮಕ್ಕೆ ಹಬ್ಬಿದಂತೆ ಶಾಸನಸಭೆ ಗೆರೆಯನ್ನೂ ಪಶ್ಚಿಮಕ್ಕೆ ಸರಿಸುತ್ತಿತ್ತು. ಟೆಕ್ಸಸ್‌ನಿಂದ ದನ ಹೊಡೆತಂದು ಕ್ಯಾನ್ಸಸ್‌ನಲ್ಲಿ ರೈಲಿಗೇರಿಸುವ ವ್ಯಾಪಾರ 1867ರಲ್ಲಿ ಅಬಿಲೀನ್ ಊರಿಗೆ ಕೂಡಿಬಂದು, ಮುಂದೆ ಎಲ್ಸ್‌ವರ್ತ್, ವಿಚಿಟಾಗಳಿಗೆ ಹೋಯಿತು. 1876ರಲ್ಲಿ ವಿಚಿಟಾ ಮುಚ್ಚಿದಾಗ ಡಾಡ್ಜ್ ಸಿಟಿ ಪಾಲಾಯಿತು. ಒಂದು ಮಂದೆ ಎಂದರೆ ಸುಮಾರು 2,500 ದನ, ಹನ್ನೆರಡು ಆಳು, ಅಡುಗೆ ಬಂಡಿ ಒಂದು, ದಿನಕ್ಕೆ 10–15 ಮೈಲಿ. ಅದಕ್ಕಿಂತ ಬೇಗ ಹೊಡೆದರೆ ದನದ ಮೈ ಇಳಿಯುತ್ತದೆ, ಬೆಲೆ ಬೀಳುತ್ತದೆ. 1885ರಲ್ಲಿ ಇಡೀ ರಾಜ್ಯಕ್ಕೇ ತಡೆ ಬಿತ್ತು. ಮರುವರ್ಷ ಜನವರಿಯ ಹಿಮಗಾಳಿಗೆ ಸಿಕ್ಕಿ ಸ್ಥಳೀಯ ಮಂದೆಗಳೂ ಸತ್ತವು. ದನದ ಊರಾಗಿ ಡಾಡ್ಜ್ ಸಿಟಿ ಬಾಳಿದ್ದು ಹತ್ತೇ ವರ್ಷ.

ನಿಮ್ಮ ಕೊಟ್ಟಿಗೆಯ ವಿಷಯ: ಹಳ್ಳಿಕಾರ್, ನಾಟಿ ದನ ತಡೆದುಕೊಳ್ಳುವುದನ್ನು ಎಚ್‌ಎಫ್, ಜೆರ್ಸಿ ತಡೆಯಲಾರವು. ಕೆಚ್ಚಲ ಸಂದು, ಬಾಲದ ಬುಡ, ಕಿವಿಯ ಒಳಗೆ ಉಣುಗು ಹುಡುಕಿ. ಗೋಡೆಯ ಬಿರುಕು ಮುಚ್ಚಿಸಿ, ಮೊಟ್ಟೆ ಅಲ್ಲೂ ಇರುತ್ತದೆ. ಮೂತ್ರ ಕೆಂಪಾದರೆ ಮನೆಮದ್ದು ಮಾಡುತ್ತ ಕೂರದೆ ಅದೇ ದಿನ ಪಶುವೈದ್ಯರನ್ನು ಕರೆಸಿ.

ದಿನವೂ ಗುಂಡಿನ ಕಾಳಗ ನಡೆಯುತ್ತಿತ್ತೇ? (ಜಯನಗರದ ಓದುಗರು)

ಇಲ್ಲ. ಡಾಡ್ಜ್ ಸಿಟಿ ಸೇರಿ ಕ್ಯಾನ್ಸಸ್‌ನ ಐದು ದನದ ಊರುಗಳಲ್ಲಿ 1870ರಿಂದ 1885ರವರೆಗೆ ಇತಿಹಾಸಕಾರರು ಎಣಿಸಿದ ಕೊಲೆಗಳು ಒಟ್ಟು 45. ಆರಂಭದ ಚರ್ಮದ ದಿನಗಳು, ಪೊಲೀಸರೇ ಇಲ್ಲದ ಕಾಲ, ಇನ್ನೂ ಕೆಟ್ಟದಾಗಿದ್ದವು. ಆಮೇಲೆ ಊರಿನವರು ರೈಲು ಹಳಿಯನ್ನೇ ಗೆರೆ ಮಾಡಿ, ಅದರ ಉತ್ತರಕ್ಕೆ ಪಿಸ್ತೂಲು ತರಕೂಡದೆಂದು ವಿಧಿಸಿದರು. ಬೂಟ್ ಹಿಲ್ ಎಂಬ ಹೆಸರಾಂತ ಸ್ಮಶಾನದ ಹೆಣಗಳನ್ನು 1879ರಲ್ಲೇ ಬೇರೆಡೆಗೆ ಸಾಗಿಸಿ, ಆ ದಿಬ್ಬದ ಮೇಲೆ ಶಾಲೆ ಕಟ್ಟಿದರು.

ಬೆಂಗಳೂರಿನಲ್ಲಿ ಕೂತು ಈ ಊರಿನ ಮೂಲ ದಾಖಲೆ ನೋಡಬಹುದೇ? (ಬನಶಂಕರಿಯ ಓದುಗರು)

ನೋಡಬಹುದು, ಅದೂ ಹಣ ಕೊಡದೆ. ಹಕ್ಕುಪತ್ರಗಳು ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟಿನ ಜನರಲ್ ಲ್ಯಾಂಡ್ ಆಫೀಸ್ ದಾಖಲೆಗಳ ಜಾಲತಾಣದಲ್ಲಿವೆ. ರಾಜ್ಯ ಕ್ಯಾನ್ಸಸ್, ಕೌಂಟಿ ಫೋರ್ಡ್ ಎಂದು ಆರಿಸಿ. ಪತ್ರದಲ್ಲಿ ಟೌನ್‌ಶಿಪ್ 26 ದಕ್ಷಿಣ, ರೇಂಜ್ 25 ಪಶ್ಚಿಮ ಎಂದಿದ್ದರೆ ಅದು ಊರಿನ ಆಸುಪಾಸಿನ ಜಮೀನು: 40ನೇ ಅಕ್ಷಾಂಶದಿಂದ ಕೆಳಕ್ಕೆ ಇಪ್ಪತ್ತಾರನೆಯ ಚೌಕ, ಮೋಜಣಿಗೆ ಆಧಾರವಾಗಿ ಹಿಡಿದ ಆರನೇ ಪ್ರಧಾನ ರೇಖಾಂಶದಿಂದ ಪಶ್ಚಿಮಕ್ಕೆ ಇಪ್ಪತ್ತೈದನೆಯದು. ಸೆಕ್ಷನ್ ವಿವರವನ್ನು ನಮ್ಮ ಚಕ್ಕುಬಂದಿಯಂತೆ ಓದಬೇಡಿ, ಹಿಂದಿನಿಂದ ಮುಂದಕ್ಕೆ ಓದಿ. ಇಂಗ್ಲಿಷಿನಲ್ಲಿ SW¼ NE¼ ಎಂದಿದ್ದರೆ ಅದು ಈಶಾನ್ಯ ಕಾಲುಭಾಗದ ನೈಋತ್ಯ ಕಾಲುಭಾಗ: 640ರಲ್ಲಿ 160, ಅದರಲ್ಲಿ 40 ಎಕರೆ.

ಡಾಡ್ಜ್ ಸಿಟಿ ಟೈಮ್ಸ್ ಪತ್ರಿಕೆಯ ಹಳೆಯ ಸಂಚಿಕೆಗಳು ಲೈಬ್ರರಿ ಆಫ್ ಕಾಂಗ್ರೆಸ್‌ನ ಹಳೆಯ ಪತ್ರಿಕೆಗಳ ಸಂಗ್ರಹದಲ್ಲಿ ಸಿಗುತ್ತವೆ. ಹೆಸರು ಹಾಕಿ ಹುಡುಕುವಾಗ ಎರಡು-ಮೂರು ಕಾಗುಣಿತ ಪ್ರಯತ್ನಿಸಿ. ಯಂತ್ರ ಓದಿದ ಹಳೆಯ ಅಚ್ಚಿನಲ್ಲಿ ಅಕ್ಷರ ತಪ್ಪುವುದು ಸಾಮಾನ್ಯ. ಕಟ್ಟಡಗಳ ಬಗ್ಗೆ ಆಸಕ್ತಿ ಇದ್ದರೆ ಬೆಂಕಿ ವಿಮೆಗಾಗಿ ತಯಾರಿಸಿದ ಸ್ಯಾನ್‌ಬಾರ್ನ್ ನಕ್ಷೆ ನೋಡಿ: 50 ಅಡಿಗೆ ಒಂದಿಂಚು, ಮರದ ಕಟ್ಟಡಕ್ಕೆ ಹಳದಿ, ಇಟ್ಟಿಗೆಗೆ ನಸುಗೆಂಪು, ಕಲ್ಲಿಗೆ ನೀಲಿ. 1885ರಲ್ಲಿ ಮುಖ್ಯಬೀದಿ ಫ್ರಂಟ್ ಸ್ಟ್ರೀಟಿನ ಅಂಗಡಿಸಾಲು ಬೆಂಕಿಗೆ ಬಿತ್ತು. ಅದಕ್ಕೆ ಮುಂಚಿನ ಹಾಳೆಯನ್ನೂ ನಂತರದ ಹಾಳೆಯನ್ನೂ ಪಕ್ಕಪಕ್ಕ ತೆರೆದು, ಹಳದಿ ಎಲ್ಲೆಲ್ಲಿ ಹೋಯಿತು, ನಸುಗೆಂಪು ಎಲ್ಲೆಲ್ಲಿ ಬಂತು ಎಂದು ಒಂದೊಂದೇ ಅಂಗಡಿ ಹಿಡಿದು ಹೋಲಿಸಿ.